ಬೋರ್ಡು ಬಿಸಿಯಾದರೆ ದೊಡ್ಡ ಬ್ರೇಕರ್ ಮದ್ದಲ್ಲ!

ದೊಡ್ಡಬಳ್ಳಾಪುರ: "ಅಣ್ಣಾ, ಹದಿನಾರರದ್ದು ಬ್ಯಾಡ, ಮೂವತ್ತೆರಡರ ಬ್ರೇಕರ್ ಕೊಡಿ. ಗೀಸರ್ ಹಾಕಿದ್ರೆ ಸಾಕು, ಬಿದ್ದೋಗ್ತೈತೆ."

ಎಲೆಕ್ಟ್ರಿಕಲ್ ಅಂಗಡಿಯವರಿಗೆ ಈ ಮಾತು ಹೊಸದಲ್ಲ. ದೇವನಹಳ್ಳಿಯಿರಲಿ, ಹೊಸಕೋಟೆ, ನೆಲಮಂಗಲವಿರಲಿ, ಗಿರಾಕಿ ಕೇಳುತ್ತಾನೆ, ಅಂಗಡಿಯವರು ಕೊಡುತ್ತಾರೆ. ವ್ಯಾಪಾರ ಮುಗಿಯಿತು. ಆ ಮನೆಯ ಗೋಡೆಯೊಳಗಿರುವ ವೈರಿಗೆ ಮಾತ್ರ ಅಂದಿನಿಂದ ಕಾವಲಿಲ್ಲ!

ಬ್ರೇಕರ್ ಇರುವುದು ಯಾರನ್ನು ಕಾಯಲು? ಗೀಸರನ್ನಲ್ಲ, ಟಿ.ವಿ.ಯನ್ನಲ್ಲ. ವೈರನ್ನು. ಮನೆಗಳ ಪವರ್ ಪಾಯಿಂಟಿಗೆ ಸಾಮಾನ್ಯವಾಗಿ ಎಳೆಯುವ 2.5 ಚದರ ಮಿ.ಮೀ. ತಾಮ್ರದ ವೈರಿಗೆ 16 ಆಂಪಿನ ಬ್ರೇಕರ್ ಸರಿ. ಅಲ್ಲಿ 32ರದ್ದು ಕೂರಿಸಿದರೆ, 35 ಆಂಪ್ ಹರಿದರೂ ಅದು ಗಂಟೆಗಟ್ಟಲೆ ಸುಮ್ಮನಿದ್ದೀತು. ಅಷ್ಟರಲ್ಲಿ ವೈರು ಒಳಗೊಳಗೇ ಬೆಂದಿರುತ್ತದೆ.

ಪಿಂಗಾಣಿ ಫ್ಯೂಸಿನ ಕಾಲದಲ್ಲೂ ನಮ್ಮ ಜನರ ಬುದ್ಧಿ ಇದೇ. ತಂತಿ ಸುಟ್ಟರೆ ಇನ್ನೆರಡು ಎಳೆ ಸೇರಿಸಿ ಸುತ್ತುವುದು. ಕೆ.ಇ.ಬಿ. ಹೋಯಿತು, 2002ರಲ್ಲಿ ಬೆಸ್ಕಾಂ ಬಂತು. ಫ್ಯೂಸು ಹೋಗಿ ಬ್ರೇಕರ್ ಬಂತು. ಆ ಬುದ್ಧಿ ಮಾತ್ರ ಹೋಗಲಿಲ್ಲ.

ರೋಗ ಸ್ಕ್ರೂನಲ್ಲಿ

ಬ್ರೇಕರ್ ಬೀಳಲು ಲೋಡು ಹೆಚ್ಚಾಗಿರುವುದು ಒಂದು ಕಾರಣ. 3000 ವ್ಯಾಟಿನ ಗೀಸರ್ 13 ಆಂಪ್ ಎಳೆಯುತ್ತದೆ, 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ನಾಲ್ಕಕ್ಕೂ ಹೆಚ್ಚು. ಎರಡೂ ಒಂದೇ ಲೈನಿನಲ್ಲಿದ್ದರೆ 16 ದಾಟಿತು. ಬೇರೆ ಲೈನ್ ಎಳೆಸುವುದೇ ಅದಕ್ಕೆ ದಾರಿ.

ಲೋಡು ಹೆಚ್ಚಿಲ್ಲದೆಯೂ ಬೋರ್ಡು ಬಿಸಿಯಾಗುತ್ತಿದೆಯೇ? ವಾಸನೆ ಬರುತ್ತಿದೆಯೇ? ಹಾಗಿದ್ದರೆ ಮೊದಲ ಅನುಮಾನ ಸಡಿಲ ಸ್ಕ್ರೂ ಮೇಲೆ. ವೈರು ಬಿಗಿಯಾಗಿ ಕೂರದ ಕಡೆ ಕರೆಂಟಿಗೆ ತಡೆ. ತಡೆ ಇದ್ದಲ್ಲಿ ಬಿಸಿ. ಅರ್ಧ ಓಂ ತಡೆಯಲ್ಲಿ 10 ಆಂಪ್ ಹರಿದರೆ 50 ವ್ಯಾಟ್ ಬಿಸಿ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ 25 ವ್ಯಾಟಿನ ಕಡ್ಡಿ ಎರಡನ್ನು ಬೋರ್ಡಿನೊಳಗೆ ಇಟ್ಟ ಹಾಗೆ! ಕರೆಂಟು ಎರಡರಷ್ಟಾದರೆ ಈ ಬಿಸಿ ನಾಲ್ಕರಷ್ಟು.

ಲೋಡು ಮಿತಿಯಲ್ಲೇ ಇರುವುದರಿಂದ ಬ್ರೇಕರ್ ಬೀಳದೆಯೂ ಇರಬಹುದು. ಇಲ್ಲವೇ ಸ್ಕ್ರೂ ಬಿಸಿ ಒಳಗಿನ ಲೋಹದ ಪಟ್ಟಿಗೆ ತಾಗಿ ಮತ್ತೆ ಮತ್ತೆ ಬೀಳಬಹುದು. ಆಗಲೇ ನಮ್ಮ ಗಿರಾಕಿ ಮೂವತ್ತೆರಡರದ್ದು ಕೇಳಿಕೊಂಡು ಅಂಗಡಿಗೆ ಬರುವುದು!

ಮನೆಯೊಳಗೇ ಮಗ್ಗ ಇರುವ ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಮಗ್ಗದ ಅದುರಾಟಕ್ಕೆ ಸ್ಕ್ರೂ ಸಡಿಲಾಗುತ್ತದೆ. ಮೋಟರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ನೂಲಿನ ಧೂಳು ಬೋರ್ಡಿನೊಳಗೆ ಕೂತಿರುತ್ತದೆ. ಪಕ್ಕದಲ್ಲೇ ಸೀರೆ. ಕಿಡಿ ಬಿದ್ದರೆ ಹೋಗುವುದು ಬರೀ ಬೋರ್ಡಲ್ಲ, ಸಂಸಾರದ ದುಡಿಮೆ.

ರಿಪೇರಿ ಹೇಗೆ?

ಮೊದಲು ಮೇನ್ ಸ್ವಿಚ್ ಆರಿಸಿ. ಬ್ರೇಕರ್ ಕೆಳಗೆ ಮಾಡಿದರೆ ಸಾಲದು, ಅದಕ್ಕೆ ಕರೆಂಟು ಬರುವ ತುದಿ ಜೀವಂತವಾಗೇ ಇರುತ್ತದೆ. ಮನೆಯಲ್ಲಿ ಯು.ಪಿ.ಎಸ್. ಇದ್ದರೆ ಅದನ್ನೂ ಆರಿಸಬೇಕು. ಆಮೇಲೆ ಮುಚ್ಚಳ ಬಿಚ್ಚುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಮನೆಯವರು ಪಕ್ಕದಲ್ಲಿ ನಿಂತು ಇಷ್ಟು ನೋಡಿಕೊಳ್ಳಲಿ:

ಕರೆಂಟು ಇಲ್ಲವೆಂದು ಪರೀಕ್ಷೆ ಮಾಡಿಯೇ ಕೈ ಹಾಕಿದರೇ?

ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದರೇ? ಹೊದಿಕೆ ಗರಿಗರಿಯಾಗಿ ಉದುರುತ್ತಿದ್ದರೆ ಆ ವೈರನ್ನೇ ಬದಲಿಸಬೇಕು. ಟೇಪು ಸುತ್ತುವುದು ರಿಪೇರಿಯಲ್ಲ.

ಬೆಂದ ಬ್ರೇಕರ್ ಬಿಸಾಡಿ, ವೈರಿಗೆ ತಕ್ಕ ಅಳತೆಯದೇ ಐ.ಎಸ್.ಐ. ಗುರುತಿನ ಹೊಸದನ್ನು ಹಾಕಿದರೇ?

ವೈರಿನ ಒಂದೆಳೆಯೂ ಹೊರಗುಳಿಯದೆ, ಹೊದಿಕೆ ಸ್ಕ್ರೂ ಕೆಳಗೆ ಸಿಕ್ಕಿಕೊಳ್ಳದೆ ಬಿಗಿಯಾಯಿತೇ? ನ್ಯೂಟ್ರಲ್ ಸ್ಕ್ರೂಗಳನ್ನೂ ನೋಡಿದರೇ?

ಮೀಟರಿನ ಕಡೆಯ ವೈರು ಬಿಸಿಯಾಗಿದ್ದರೆ ಯಾರೂ ಸೀಲ್ ಮುಟ್ಟಬಾರದು. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಬೋರ್ಡಿನಿಂದ ಹೊಗೆ ಬಂದರೆ ನೀರು ಎರಚಬೇಡಿ. ಕೈಗೆಟುಕಿದರೆ ಮೇನ್ ಆರಿಸಿ, ಮಕ್ಕಳುಮರಿಯನ್ನು ಹೊರಗೆ ಕರೆತಂದು 112ಕ್ಕೆ ತಿಳಿಸಿ.

ಅಂಗಡಿಯವರೂ ಒಂದು ಪ್ರಶ್ನೆ ಕೇಳಬಹುದು. ಮೂವತ್ತೆರಡರದ್ದು ಬೇಕೆಂದವರಿಗೆ, "ನಿಮ್ಮ ವೈರು ಎಷ್ಟರದ್ದು ಯಜಮಾನ್ರೇ?" ಎಂದರೆ ಸಾಕು. ಉತ್ತರ ಗೊತ್ತಿಲ್ಲದವರಿಗೆ ಬ್ರೇಕರ್ ಕೊಡುವ ಬದಲು ಒಳ್ಳೆ ಎಲೆಕ್ಟ್ರಿಷಿಯನ್ ನಂಬರ್ ಕೊಟ್ಟು ಕಳಿಸಿ. ಅಂದಿನ ವ್ಯಾಪಾರ ಒಂದು ತಪ್ಪೀತು, ಗಿರಾಕಿಯ ಮನೆ ಉಳಿದೀತು.