ಅಳ್ವೆಕೋಡಿಯಿಂದ ಅಳ್ವೆಕೋಡಿಗೆ

ಮದುವೆಯೊಂದು ಮುಂದಕ್ಕೆ ಹೋದದ್ದರಿಂದ ಈ ಪ್ರವಾಸ ಆಯಿತು. ಶಿರಾಲಿಯ ಅಳ್ವೆಕೋಡಿ ಕಡೆ ನನ್ನದು ಪಾತ್ರೆ, ಹಾಸಿಗೆ ಬಾಡಿಗೆಗೆ ಕೊಡುವ ವ್ಯಾಪಾರ. ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಓಮ್ನಿಗೆ ಎಲ್ಲ ತುಂಬಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಫೋನ್ ಬಂತು: ಹುಡುಗನ ಕಡೆ ಸೂತಕ. ಹಂಡೆ ಇಳಿಸಿದೆ, ಕೊಳಗ ಇಳಿಸಿದೆ. ಹಾಸಿಗೆಗೆ ಕೈ ಹಾಕುವಾಗ ಹೆಂಡತಿ ಜಗಲಿಯಿಂದಲೇ, "ಎರಡು ಅಲ್ಲೇ ಇರಲಿ. ನಿಮ್ಮ ಅಳಿಯ ಹೋದ ಹಾಗೆ ನಾವೂ ಹೋಗ್ವನಾ?" ಅಂದಳು.

ಅಳಿಯ ಅಂದರೆ ತಂಗಿಯ ಮಗ. ಸ್ವೀಡನ್ನಿನಲ್ಲಿ ಕೆಲಸ. ಹೋದ ಜೂನ್‌ನಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ನಾರ್ವೆ ಸುತ್ತಿದ್ದ. ಮಂಚ, ಒಲೆ, ಕಕ್ಕಸು, ಚಳಿಗೆ ಹೀಟರ್ ಎಲ್ಲ ಇರುವ, ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡ ಗಾಡಿ ಅದು. ಅಲ್ಲಿಂದ ವಿಡಿಯೋ ಕಾಲ್ ಮಾಡಿದಾಗ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ, ಅವನಲ್ಲಿ ಎಂಟು. ಬಿಸಿಲು ಇನ್ನೂ ಇಳಿದಿರಲಿಲ್ಲ. "ನಾಳೆ ಎಲ್ಲಿ ಮಲಗ್ತೇವೋ ಗೊತ್ತಿಲ್ಲ ಮಾವ" ಅಂದಿದ್ದ. ಆ ಮಾತು ನಮ್ಮವಳ ತಲೆಯಲ್ಲಿ ಕೂತುಬಿಟ್ಟಿತ್ತು.

ನಮ್ಮ ಓಮ್ನಿಯನ್ನು ಕಂಪನಿ 2019ರಲ್ಲೇ ನಿಲ್ಲಿಸಿದೆ. ಹಿಂದಿನ ಸೀಟು ತೆಗೆದು ಹಾಸಿಗೆ ಹಾಸಿದರೆ ಇಬ್ಬರು ಕಾಲು ಮಡಚಿ ಮಲಗಬಹುದು. ಮಂಚ, ಒಲೆ ಅಂತ ವೆಲ್ಡಿಂಗ್ ಮಾಡಿಸಲು ಹೋಗಬೇಡಿ; ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ, ಆರ್‌ಟಿಓ ಕಚೇರಿಗೆ ಅಲೆಯಬೇಕಾಗುತ್ತದೆ. ಹಾಸಿಗೆಗೆ ಯಾರ ಅಪ್ಪಣೆಯೂ ಬೇಡ. ಸಣ್ಣ ಗ್ಯಾಸ್ ಒಲೆ, ಸೊಳ್ಳೆ ಪರದೆ, ಎರಡು ಕ್ಯಾನ್ ನೀರು ಇಟ್ಟುಕೊಂಡೆವು. ಹೀಟರ್ ಇದ್ದರೆ ಕೆಳಗೆ ಎಸೆಯುವಂಥ ಸೆಕೆ.

ಮುರ್ಡೇಶ್ವರದ 123 ಅಡಿಯ ಶಿವನಿಗೆ ಹೆದ್ದಾರಿಯಿಂದಲೇ ಕೈಮುಗಿದೆವು. ಇಡಗುಂಜಿಯ ಗಣಪತಿ ದೇವಸ್ಥಾನಕ್ಕೆ ಮಾತ್ರ ತಿರುಗಲೇಬೇಕಾಯಿತು, ಪಂಚಕಜ್ಜಾಯ ಬಿಟ್ಟು ಮುಂದೆ ಹೋಗುವ ಪೈಕಿಯಲ್ಲ ನಮ್ಮವಳು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಯಕ್ಷಗಾನ ಮಂಡಳಿಯ ಹೆಸರಿನಲ್ಲಿರುವುದೂ ಇದೇ ಗಣಪತಿ. ಮೇಳದವರ ತಿರುಗಾಟವೇ ನಮ್ಮ ಕಡೆಯ ನಿಜವಾದ ಮೋಟರ್‌ಹೋಮ್ ಅಂತ ನನಗೆ ಆಗಾಗ ಅನ್ನಿಸುವುದುಂಟು. ಇವತ್ತು ಈ ಊರಿನ ಬಯಲು, ನಾಳೆ ಇನ್ನೊಂದು.

ರಾತ್ರಿ ಒಂದು ಕಡಲತಡಿಯ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿ ಪರದೆ ಸಿಕ್ಕಿಸಿದ್ದಷ್ಟೇ, ಕಾವಲಿನವನು ಟಾರ್ಚ್ ಹಿಡಿದು ಬಂದ. "ಇಲ್ಲೆಲ್ಲ ಮಲಗುವ ಹಾಂಗಿಲ್ಲ." ಅವನದೂ ತಪ್ಪಲ್ಲ. ನಾರ್ವೆಯಲ್ಲಿ ಇದಕ್ಕೆ 1957ರಿಂದ ಕಾನೂನೇ ಇದೆಯಂತೆ. ಉಳುಮೆ ಮಾಡದ ಬಯಲು ಯಾರದೇ ಆಗಿರಲಿ, ವಾಸದ ಮನೆಯಿಂದ 150 ಮೀಟರ್ ದೂರದಲ್ಲಿ ಡೇರೆ ಹಾಕಿ ಎರಡು ರಾತ್ರಿ ಕಳೆಯಬಹುದು, ಕೇಳುವವರಿಲ್ಲ. ಇದು ಡೇರೆಯವರಿಗೆ, ಮೋಟರ್‌ಹೋಮಿನವರು ಗಾಡಿಯನ್ನು ಬಯಲಿಗೆ ನುಗ್ಗಿಸುವಂತಿಲ್ಲ, ರಸ್ತೆಬದಿಯ ತಂಗುದಾಣ ಹುಡುಕಬೇಕು. ಆ ಕಾನೂನು ಇಲ್ಲಿಗೆ ತಂದರೂ ನಡೆಯಲಿಕ್ಕಿಲ್ಲ. ಭಟ್ಕಳದಿಂದ ಕುಮಟಾವರೆಗೆ ಗುಡ್ಡಕ್ಕೂ ಕಡಲಿಗೂ ನಡುವೆ ಇರುವುದು ಒಂದು ಪಟ್ಟಿ ನೆಲ. ಅದರಲ್ಲಿ ಎಲ್ಲಿ ನಿಂತರೂ 150 ಮೀಟರ್ ಒಳಗೆ ಯಾರದೋ ಅಂಗಳ, ಯಾರದೋ ನಾಯಿ.

ಶರಾವತಿ ಸೇತುವೆ ದಾಟಿ ಹೊನ್ನಾವರದ ಒಳರಸ್ತೆಯೊಂದಕ್ಕೆ ಇಳಿದೆ. ಹೊಳೆಯಂಚಿನ ಒಂದು ಮನೆಯಲ್ಲಿ ದೀಪ ಉರಿಯುತ್ತಿತ್ತು. ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಳ್ಳಬಹುದಾ ಅಂತ ಕೇಳಿದ್ದೇ ದೊಡ್ಡ ತಪ್ಪಾಯಿತು. ಹೊರಗೆ ಬಂದ ಅಜ್ಜಿ ಗಾಡಿಯೊಳಗೆ ಬಗ್ಗಿ ನೋಡಿ, ಹಾಸಿಗೆ ನೋಡಿ, ಹೆಂಡತಿಯ ಮುಖ ನೋಡಿ, "ಮನೆ ಇಪ್ಪಾಗ ಗಾಡೀಲಿ ಎಂತಕ್ಕೆ ಮಲಗೂದು? ಜಗಳ ಆಯ್ತಾ?" ಅಂದರು. ಸ್ವೀಡನ್, ನಾರ್ವೆ, ಅಳಿಯ ಎಲ್ಲ ವಿವರಿಸಿದೆ. ನಂಬಲಿಲ್ಲ. ಗಂಜಿ, ಸುಟ್ಟ ಒಣಮೀನು, ಮಾವಿನಮಿಡಿ ಉಪ್ಪಿನಕಾಯಿ ಬಡಿಸಿದರು. ಹಠ ಹಿಡಿದು ಗಾಡಿಯಲ್ಲೇ ಮಲಗಿದೆವು. ರಾತ್ರಿ ಎರಡು ಸಲ ಅವರು ಬಂದು ಟಾರ್ಚ್ ಬಿಟ್ಟು ನೋಡಿಹೋದದ್ದು ಗೊತ್ತಾಯಿತು.

ಬೆಳಿಗ್ಗೆ ಹೊಳೆದಡದಲ್ಲಿ ಅಜ್ಜಿ ಹೇಳಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಅವರು ಹುಡುಗಿಯಾಗಿದ್ದಾಗ ನೀರು ಇಳಿದ ಹೊತ್ತಿಗೆ ಇದೇ ಕೆಸರಿನಲ್ಲಿ ಬುಟ್ಟಿಗಟ್ಟಲೆ ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಸಿಗುತ್ತಿತ್ತಂತೆ. ಈಗ ತಿನ್ನಬೇಕೆಂದರೆ ಅಘನಾಶಿನಿ ಕಡೆಯಿಂದ ಮಾರಲು ಬರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಶರಾವತಿಯಲ್ಲಿ ಹರಿಯುತ್ತಲೇ ಇರುತ್ತದೆ. ಕಡಲಿನ ಉಪ್ಪು ಒಳಗೆ ಬರಲು ಬಿಡುವುದಿಲ್ಲ. ಉಪ್ಪಿಲ್ಲದ ಅಳಿವೆಯಲ್ಲಿ ಬಳಚು ಬದುಕದು.

ಉತ್ತರಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಕುಮಟಾ. ಅದರಾಚೆಯ ಅಘನಾಶಿನಿಗೆ ಅಣೆಕಟ್ಟು ಕಟ್ಟಿಲ್ಲ. ಅಲ್ಲಿ ನಾವು ನೋಡುವಾಗ ಇಳಿತದ ಹೊತ್ತು. ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿದ ಹೆಂಗಸರು ಕಾಲಿನಲ್ಲೇ ಕೆಸರು ತಡವಿ, ಬಗ್ಗಿ, ಬಳಚು ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು. ಪಕ್ಕದಲ್ಲೇ ಬೆಳ್ಳಕ್ಕಿಗಳದೂ ಅದೇ ಕೆಲಸ. ಈ ಅಳಿವೆ 2024ರ ಜನವರಿಯಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಳಿಯ ತೋರಿಸಿದ ನಾರ್ವೆಯ ಸೋಗ್ನೆ ಫ್ಯೋರ್ಡ್ 205 ಕಿಲೋಮೀಟರ್ ಒಳಗೆ ಚಾಚಿದೆಯಂತೆ, ಆಳ 1,300 ಮೀಟರ್. ಹಿಮನದಿ ಕೊರೆದ ಕಣಿವೆಗೆ ಕಡಲು ನುಗ್ಗಿದ್ದು ಅದು. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲಿ ಮೊಣಕಾಲುದ್ದ ನೀರಿಗಿಳಿದು ಸಾರಿಗೆ ಬಳಚು ಹೆಕ್ಕುವವರನ್ನು ಅವನ ಫೋಟೋಗಳಲ್ಲಿ ನಾನು ಕಾಣಲಿಲ್ಲ.

ತಿರುಗಿ ಬರುವಾಗ ಕುಮಟಾದ ಅಳ್ವೆಕೋಡಿಯ ಈರುಳ್ಳಿ. ಹೌದು, ಅಲ್ಲೂ ಒಂದು ಅಳ್ವೆಕೋಡಿ ಇದೆ. ಅಳಿವೆ ಇದ್ದಲ್ಲಿ ಆ ಹೆಸರು ಹುಟ್ಟಿಕೊಂಡಿರಬೇಕು. ಅಲ್ಲಿಯ, ವನ್ನಳ್ಳಿಯ, ಹಂದಿಗೋಣದ ಗದ್ದೆಗಳಲ್ಲಿ ಬೆಳೆಯುವ ಈ ಕೆಂಪು ಈರುಳ್ಳಿಗೆ ಖಾರ ಕಡಿಮೆ, ಸಿಹಿ ಜಾಸ್ತಿ. ಅದರದೇ ಒಣಗಿದ ಎಲೆಗಳಿಂದ ಜಡೆಯಂತೆ ಹೆಣೆದು ಗೊಂಚಲು ಮಾಡಿ ರಸ್ತೆಬದಿಯ ಚಪ್ಪರಕ್ಕೆ ತೂಗುಹಾಕುತ್ತಾರೆ. ಮಾರುವ ಹೆಂಗಸು ಗೊಂಚಲನ್ನು ಒಮ್ಮೆ ಜಾಡಿಸಿ ಕೊಡುತ್ತಾಳೆ. ಸಡಿಲ ಹೆಣಿಗೆಯಾದರೆ ಆಗಲೇ ಉದುರುತ್ತದೆ. ನಾಲ್ಕು ಗೊಂಚಲು ತೆಗೆದುಕೊಂಡೆವು. ಗಾಡಿಯ ಒಳಗೆ ಕಟ್ಟಿದ ಮೇಲೆ ಹಾಸಿಗೆಗೆಲ್ಲ ಅದೇ ವಾಸನೆ, ಸೋಮವಾರದ ಗಿರಾಕಿಗೆ ಏನು ಹೇಳುವುದೋ.

ಮನೆಗೆ ಬಂದು ಅಳಿಯನಿಗೆ ಫೋನ್ ಮಾಡಿದೆ. "ಎಷ್ಟು ಕಿಲೋಮೀಟರ್ ಆಯ್ತು ಮಾವ?"

"ಹೋಗಿ ಬಂದು 120ರ ಆಸುಪಾಸು."

ನಗುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು, "ಅಜ್ಜಿ ಸುಟ್ಟದ್ದು ಯಾವ ಒಣಮೀನು?"

"ಬಂಗಡೆ" ಅಂದೆ.