ಎರಡು ಕಡಲುಗಳ ಪಂಚಾಂಗ

ಕರಾವಳಿಯಿಂದ ಬಂದು ಚೆನ್ನೈಯಲ್ಲಿ ನೆಲಸಿರುವ ಹಿರಿಯರೊಬ್ಬರು ಈಚೆಗೆ ನನ್ನೊಡನೆ ಒಂದು ವಿಷಯವನ್ನು ಪ್ರಸ್ತಾಪಿಸಿದರು. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದು, ಪತ್ನಿಯೊಡನೆ ವಿಹಾರನೌಕೆಯಲ್ಲಿ ಸಿಂಹಳಕ್ಕೆ ಹೋಗಿಬರಬೇಕೆಂಬುದು ಅವರ ಬಹುದಿನದ ಆಸೆ. “ದೀಪಾವಳಿ ಕಳೆದೊಡನೆ ಹೊರಡುತ್ತೇವೆ, ಆಗ ಕಡಲು ಕೊಳದಂತಿರುತ್ತದೆ” ಎಂದರು. ಮಲ್ಪೆಯ ಕಡಲನ್ನು ನೋಡುತ್ತ ಬೆಳೆದವರ ಈ ಮಾತು ಮಲ್ಪೆಯ ಮಟ್ಟಿಗೆ ದಿಟ, ಚೆನ್ನೈಗೆ ಸಲ್ಲದು. ಅದು ಏಕೆ ಸಲ್ಲದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

‘ಮಾನ್ಸೂನ್’ ಎಂಬ ಪದವು ಋತುವೆಂಬರ್ಥದ ಅರಬ್ಬೀ ‘ಮೌಸಿಮ್’ನಿಂದ ಬಂದುದು. ಜೂನ್ ತಿಂಗಳಲ್ಲಿ ನೈಋತ್ಯದಿಂದ ಬೀಸುವ ಗಾಳಿಯು ಅರಬ್ಬೀ ಸಮುದ್ರವನ್ನು ಹಾಯ್ದು ಪಶ್ಚಿಮ ಕರಾವಳಿಗೆ ನೇರವಾಗಿ ಅಪ್ಪಳಿಸುತ್ತದೆ. ಮಂಗಳೂರಿನ ವರ್ಷದ ಮಳೆಯಲ್ಲಿ ಐದರಲ್ಲಿ ನಾಲ್ಕು ಪಾಲು ಸುರಿಯುವುದು ಈ ನಾಲ್ಕು ತಿಂಗಳಲ್ಲಿಯೇ. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಶ್ರಾವಣದ ನೂಲಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲು ತೆಂಗಿನಕಾಯಿಗಳನ್ನು ಅರ್ಪಿಸುತ್ತಾರೆ. ಅದೇ ಗಾಳಿಯು ಚೆನ್ನೈಯನ್ನು ಮುಟ್ಟುವುದು ಘಟ್ಟವನ್ನು ದಾಟಿ, ನೆಲದ ಕಡೆಯಿಂದ. ಆದುದರಿಂದ ಇಲ್ಲಿ ದಡದ ಬಳಿಯ ಕಡಲಿಗೆ ಆಗ ಅಷ್ಟು ಉಗ್ರತೆಯಿಲ್ಲ.

ಅಕ್ಟೋಬರಿನಲ್ಲಿ ಗಾಳಿ ಮಗ್ಗುಲು ಬದಲಿಸುತ್ತದೆ. ಪಶ್ಚಿಮದ ಕಡಲು ತಣಿಯುವ ವೇಳೆಗೆ ಈಶಾನ್ಯದ ಗಾಳಿ ಬಂಗಾಳ ಕೊಲ್ಲಿಯನ್ನು ಕಲಕುತ್ತದೆ. ಚೆನ್ನೈಯ ವರ್ಷದ ಸುಮಾರು 1400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕೂ ಮಿಕ್ಕಿದ ಪಾಲು ಅಕ್ಟೋಬರ್–ಡಿಸೆಂಬರ್ ತಿಂಗಳುಗಳದು. ಚಂಡಮಾರುತಗಳ ಹಂಗಾಮೂ ಅದೇ. ಕಟ್ಟುತ್ತಿದ್ದ ಮದರಾಸು ಬಂದರದ ಅಲೆತಡೆಗೋಡೆಗಳನ್ನು ಮುರಿದುದು 1881ರ ನವೆಂಬರದ ಚಂಡಮಾರುತ. ‘ವರ್ದಾ’ ನಗರದ ಬಳಿ ದಡ ಸೇರಿದುದು 2016ರ ಡಿಸೆಂಬರ್ 12ರಂದು. ‘ಮಿಚಾಂಗ್’ ನಗರವನ್ನು ನೀರಿನಲ್ಲಿ ಮುಳುಗಿಸಿದುದು 2023ರ ಡಿಸೆಂಬರದಲ್ಲಿ. ಅರಬ್ಬೀ ಸಮುದ್ರದಲ್ಲಿ ಒಂದು ಚಂಡಮಾರುತಕ್ಕೆ ಬಂಗಾಳ ಕೊಲ್ಲಿಯಲ್ಲಿ ಸುಮಾರು ನಾಲ್ಕು ಎಂಬುದು ಬಹುಕಾಲದ ಲೆಕ್ಕ. ಆದರೂ ಪಶ್ಚಿಮವನ್ನು ನಿರ್ಭಯವೆನ್ನಲಾಗದು. 2017ರ ‘ಓಖಿ’ ಲಕ್ಷದ್ವೀಪವನ್ನು ಬಾಧಿಸಿತು. 2021ರ ಮೇ ತಿಂಗಳ ‘ತೌಕ್ತೆ’ ಇಡೀ ಪಶ್ಚಿಮ ಕರಾವಳಿಯನ್ನು ನಡುಗಿಸಿತು. ಆ ಕಡಲು ಬೆಚ್ಚಗಾಗುತ್ತಿರುವಂತೆ ಅಲ್ಲಿಯ ಬಿರುಗಾಳಿಗಳೂ ಹೆಚ್ಚಿವೆ.

ಇನ್ನು ಮಾರ್ಗಗಳ ವಿಚಾರ. ಮುಂಬಯಿ, ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಮಾರ್ಗವು ಬಹುಮಟ್ಟಿಗೆ ಒಂದೇ ಕಡಲಿನದು. ನವೆಂಬರಿನಿಂದ ಮಾರ್ಚಿಯವರೆಗೆ ಅದು ಸಾಮಾನ್ಯವಾಗಿ ಸುಗಮ. ಚೆನ್ನೈಯಿಂದ 2023ರ ಜೂನ್ 5ರಂದು ಆರಂಭವಾದ ಸಿಂಹಳದ ವಿಹಾರಯಾನವು ಹಂಬನ್‌ತೋಟ, ತ್ರಿಕೋಣಮಲೆ, ಕಂಕೇಶನ್‌ತುರೈಗಳನ್ನು ಉದ್ದೇಶಿಸಿದ್ದು. ರಾಮಸೇತುವಿನ ಬಳಿ ನೀರು ಕೆಲವೇ ಮೀಟರುಗಳಷ್ಟು ಆಳವಾದುದರಿಂದ ದೊಡ್ಡ ಹಡಗು ಅಲ್ಲಿ ನುಸುಳಲಾರದು. ದ್ವೀಪದ ಪೂರ್ವದಂಡೆಯ ಹೊರಗಿನಿಂದಲೇ ಸಾಗಬೇಕು. ಜೂನಿನಲ್ಲಿ ತ್ರಿಕೋಣಮಲೆ ಗಾಳಿಯ ಮರೆಯಲ್ಲಿದ್ದು ಶಾಂತವಾಗಿರುತ್ತದೆ. ದಕ್ಷಿಣದ ತುದಿಯ ಹಂಬನ್‌ತೋಟವಾದರೋ ತೆರೆದ ಹಿಂದೂ ಮಹಾಸಾಗರದ ಎದುರಿಗಿದೆ. ನವೆಂಬರದಲ್ಲಿ ತ್ರಿಕೋಣಮಲೆಗೂ ಚೆನ್ನೈಗೂ ಒಟ್ಟಿಗೆ ಗಾಳಿ ತಟ್ಟುತ್ತದೆ. ಒಂದೇ ಯಾನದಲ್ಲಿ ಎರಡು ಬಗೆಯ ಕಡಲನ್ನು ಕಾಣಬಹುದೆಂಬುದು ಇದರಿಂದ ವಿದಿತವಾಗುತ್ತದೆ.

ಋತುವನ್ನು ತಪ್ಪಿ ಹೊರಟವರ ಪಾಡು ಹೊಸದಲ್ಲ. ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕನು 1442ರಲ್ಲಿ ಹೊರ್ಮುಜಿನಿಂದ ಹೊರಡುವಷ್ಟರಲ್ಲಿ ಯಾನಕ್ಕೆ ಅನುಕೂಲವಾದ ಕಾಲ ಕಳೆದುಹೋಗಿತ್ತು. ಒಮಾನದ ದಡದಲ್ಲಿ ಬೇಗೆಗೆ ಸಿಲುಕಿ, ಕಾಯಿಲೆ ಬಿದ್ದು, ತಡವಾಗಿ ಕಲ್ಲಿಕೋಟೆಯನ್ನು ಸೇರಿದನು. ಮಂಗಳೂರಿನ ಮಾರ್ಗವಾಗಿ ರಾಜಧಾನಿಯನ್ನು ಕಂಡುದು 1443ರಲ್ಲಿ.

ಹಾಗಾದರೆ ಯಾವ ಕಾಲ ಯೋಗ್ಯ? ಜನವರಿಯ ಕೊನೆಯಿಂದ ಮಾರ್ಚಿಯವರೆಗೆ ಎರಡು ಕಡಲುಗಳೂ ಬಹುಮಟ್ಟಿಗೆ ಶಾಂತವಾಗಿರುತ್ತವೆ. ಚಂಡಮಾರುತ ಆಗ ಅಪರೂಪ. ಬೇಸಗೆ ಬಲಿತಂತೆ ದೂರದ ದಕ್ಷಿಣ ಸಾಗರದ ಬಿರುಗಾಳಿಯಿಂದೆದ್ದ ಅಲೆಗಳು ಮುನ್ಸೂಚನೆಯಿಲ್ಲದಂತೆ ದಡಕ್ಕೆ ನುಗ್ಗುವುದುಂಟು. ಕೇರಳದವರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಆದುದರಿಂದ ಹೊರಡುವ ಮುನ್ನ ಹವಾಮಾನ ಇಲಾಖೆಯ ಪ್ರಕಟಣೆಯನ್ನು ನೋಡುವುದು ಲೇಸು.

ಬ್ಯಾಂಕಿನಲ್ಲಿ ನಾವು ಸರಾಸರಿ ಲಾಭವನ್ನೂ ನಷ್ಟಭಯವನ್ನೂ ಬೇರೆಬೇರೆಯಾಗಿ ತೂಗುತ್ತೇವೆ. ನವೆಂಬರದ ಕೊಲ್ಲಿಯಲ್ಲಿಯೂ ಪ್ರಶಾಂತವಾದ ದಿನಗಳು ಹಲವುಂಟು. ಆದರೆ ಜೀವಮಾನಕ್ಕೊಮ್ಮೆ ಹೊರಡುವವರು ಸರಾಸರಿಯನ್ನು ನಂಬಿ ಹೊರಡಬಾರದು. ಹಿರಿಯರಿಗೆ ಇಷ್ಟನ್ನೇ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾನವನ್ನು ಫಾಲ್ಗುನಕ್ಕೆ ಮುಂದೂಡಲು ಒಪ್ಪಿದರು.