ಮುದಿ ಗಿಳಿಯು ಕೋಲಿನಿಂದ ಬೀಳುವುದೇಕೆ? ಅದಕ್ಕೆ ಮಾಡತಕ್ಕ ಉಪಚಾರ

ಹಲ್ಲು ಸವೆದ ಎತ್ತಿಗೆ ಮೆತ್ತನೆಯ ಮೇವನ್ನು ಹಾಕಬೇಕೆಂಬುದೂ, ಕೀಲು ನೋಯುವ ಹಸುವಿನ ಕೆಳಗೆ ಒಣಹುಲ್ಲನ್ನು ಹಾಸಬೇಕೆಂಬುದೂ ರೈತ ಕುಟುಂಬಗಳಿಗೆ ಯಾರೂ ಹೇಳಿಕೊಡಬೇಕಾದ ವಿಷಯಗಳಲ್ಲ. ಆದರೆ ಅದೇ ಮನೆಯ ಪಡಸಾಲೆಯಲ್ಲಿ ತೂಗುಹಾಕಿರುವ ಪಂಜರದೊಳಗಿನ ಗಿಳಿಗೆ ಮುಪ್ಪು ಬಂದರೆ ಏನು ಮಾಡಬೇಕೆಂಬುದನ್ನು ತಿಳಿದವರು ಬಹಳ ಕಡಿಮೆ. ಪಕ್ಷಿಯು ಒಂದು ರಾತ್ರಿ ಕೋಲಿನಿಂದ ಜಾರಿ ತಳಕ್ಕೆ ಬೀಳುವುದು. ಮರುದಿನ ಮತ್ತೆ ಬೀಳುವುದು. ಕೆಲವು ದಿನಗಳಾದ ಮೇಲೆ ಮೇಲಕ್ಕೆ ಏರಲಾರದೆ, ಮೇಲೆ ಕಟ್ಟಿರುವ ಕಾಳಿನ ಬಟ್ಟಲನ್ನು ನೋಡುತ್ತ ಮೂಲೆಯಲ್ಲಿ ಕುಳಿತುಬಿಡುವುದು. ಮನೆಯ ಹಿರಿಯರು "ಅದಕ್ಕೆ ವಯಸ್ಸಾಯಿತು, ಇನ್ನೇನು ಮಾಡುವುದು" ಎಂದು ಸುಮ್ಮನಾಗುವರು. ಹೀಗೆ ಸುಮ್ಮನಾಗುವುದರಿಂದ ಇನ್ನೂ ಕೆಲವು ವರ್ಷ ಬದುಕಬಹುದಾಗಿದ್ದ ಪಕ್ಷಿಯು ಹಸಿವಿನಿಂದಲೂ ಚಳಿಯಿಂದಲೂ ನಾಲ್ಕೈದು ದಿನಗಳಲ್ಲಿ ಸಾಯುವ ಸಂಭವವುಂಟು.

ಗಮನಿಸಬೇಕಾದ ಮುಖ್ಯ ಸಂಗತಿ ಯಾವುದೆಂದರೆ, ಮುಪ್ಪು ಒಂದು ರೋಗವಲ್ಲ; ಬೀಳುವುದು ಯಾವುದೋ ಒಂದು ಕಾರಣದ ಲಕ್ಷಣ. ಆ ಕಾರಣಗಳಲ್ಲಿ ಕೆಲವು ಗುಣವಾಗತಕ್ಕವು, ಕೆಲವು ಗುಣವಾಗದವು. ಗುಣವಾಗದಿದ್ದರೂ ಪಂಜರವನ್ನು ಪಕ್ಷಿಯ ಶಕ್ತಿಗೆ ತಕ್ಕಂತೆ ಮಾರ್ಪಡಿಸಿದರೆ ಅದು ನೋವಿಲ್ಲದೆ ಬಾಳಬಲ್ಲದು.

ಎಂಬತ್ತಮೂರು ವರ್ಷ ಬಾಳಿದ ಒಂದು ಪಕ್ಷಿಯ ದೃಷ್ಟಾಂತ

ಅಮೆರಿಕದ ಶಿಕಾಗೊ ನಗರದ ಸಮೀಪದಲ್ಲಿರುವ ಬ್ರೂಕ್‌ಫೀಲ್ಡ್ ಮೃಗಾಲಯವು 1934ರಲ್ಲಿ ಪ್ರಾರಂಭವಾದಾಗ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಟರೋಂಗ ಮೃಗಾಲಯದಿಂದ ಸುಮಾರು ಒಂದು ವರ್ಷದ ಕಾಕಟೂ ಜಾತಿಯ ಗಿಳಿಯೊಂದನ್ನು ಅಲ್ಲಿಗೆ ತರಲಾಯಿತು. ನಸುಗೆಂಪು ಮೈಯ ಈ ಪಕ್ಷಿಗೆ ಕುಕ್ಕೀ ಎಂದು ಹೆಸರು. ಇದು 2016ನೆಯ ಆಗಸ್ಟ್‌ನಲ್ಲಿ, 83 ವರ್ಷದ ವಯಸ್ಸಿನಲ್ಲಿ ತೀರಿಕೊಂಡಿತು. ಮೃಗಾಲಯದ ಮೊದಲ ವರ್ಷದ ಪ್ರಾಣಿಗಳ ಪೈಕಿ ಕೊನೆಯವರೆಗೆ ಉಳಿದದ್ದು ಇದೊಂದೇ.

ಈ ಪಕ್ಷಿಗೆ ಮೊದಲ ನಲವತ್ತು ವರ್ಷಗಳ ಕಾಲ ಬರಿಯ ಕಾಳುಗಳನ್ನೇ ಆಹಾರವಾಗಿ ಕೊಡುತ್ತಿದ್ದರು. ಆ ಕಾಲದಲ್ಲಿ ಗಿಳಿಗಳ ಆಹಾರದ ವಿಚಾರವಾಗಿ ಇಷ್ಟು ಜ್ಞಾನವಿರಲಿಲ್ಲ. 2007ರಲ್ಲಿ ಪರೀಕ್ಷಿಸಿದಾಗ ಅದರ ಕೀಲುಗಳು ಸವೆದಿರುವುದೂ, ಎಲುಬುಗಳು ಟೊಳ್ಳಾಗಿರುವುದೂ ಕಂಡುಬಂದಿತು. ಎಲುಬಿನ ದೌರ್ಬಲ್ಯಕ್ಕೆ ಹಿಂದಿನ ಬರಿಯ ಕಾಳಿನ ಆಹಾರವೇ ಕಾರಣವಾಗಿರಬಹುದೆಂದು ಅಭಿಪ್ರಾಯಪಡಲಾಯಿತು. ಔಷಧವನ್ನೂ ಪೋಷಕಾಂಶಗಳನ್ನೂ ಕೊಡಲು ಪ್ರಾರಂಭಿಸಿದರು. ಜನರ ಎದುರಿಗೆ ಇಲ್ಲದಿರುವಾಗ ಪಕ್ಷಿಯು ಹೆಚ್ಚು ನೆಮ್ಮದಿಯಿಂದ ಇದ್ದು ಚೆನ್ನಾಗಿ ತಿನ್ನುವುದನ್ನು ಪಾಲಕರು ಗಮನಿಸಿ, 2009ರಲ್ಲಿ ಅದನ್ನು ಪ್ರದರ್ಶನದಿಂದ ತೆಗೆದು ಒಳಗಿನ ಕೊಠಡಿಯಲ್ಲಿ ಇರಿಸಿದರು. ರೋಗವು ತಿಳಿದುಬಂದ ಮೇಲೆ ಅದು ಇನ್ನೂ ಒಂಬತ್ತು ವರ್ಷ ಬದುಕಿತು. ಯೌವನದಲ್ಲಿ ಕೊಟ್ಟ ಆಹಾರದ ಲೆಕ್ಕವು ಮುಪ್ಪಿನಲ್ಲಿ ತೀರಬೇಕಾಗುವುದೆಂಬುದೂ, ಹಾಗಿದ್ದರೂ ತಕ್ಕ ಶುಶ್ರೂಷೆಯಿಂದ ಬಹಳ ಪ್ರಯೋಜನವುಂಟೆಂಬುದೂ ಇದರಿಂದ ವ್ಯಕ್ತವಾಗುವುದು.

ಸಾಮಾನ್ಯವಾಗಿ ಮನೆಗಳಲ್ಲಿ ಸಾಕುವ ಪಕ್ಷಿಗಳು ಇಷ್ಟು ಕಾಲ ಬಾಳುವುದಿಲ್ಲ. ಜನರು 'ಲವ್ ಬರ್ಡ್ಸ್' ಎಂದು ಕರೆಯುವ ಸಣ್ಣ ಬಜರಿಗಾರ್ ಗಿಳಿಯು ಐದರಿಂದ ಹತ್ತು ವರ್ಷ, ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಗಿಳಿಯು ಹದಿನೈದರಿಂದ ಇಪ್ಪತ್ತು ವರ್ಷ ಬಾಳುವುದು ವಾಡಿಕೆ. ಆದಕಾರಣ ಏಳು ವರ್ಷದ ಬಜರಿಗಾರನ್ನೂ ಹದಿನಾಲ್ಕು ವರ್ಷದ ಕಾಕಟೀಲನ್ನೂ ಮುಪ್ಪಿಗೆ ಬಂದ ಪಕ್ಷಿಗಳೆಂದೇ ಎಣಿಸಿ ನೋಡಿಕೊಳ್ಳತಕ್ಕದ್ದು.

ಬೀಳುವುದಕ್ಕೆ ಕಾರಣಗಳು

1. ಪಾದದ ದೋಷ. ಒಂದೇ ದಪ್ಪದ ನುಣುಪಾದ ಕೋಲಿನ ಮೇಲೆ ವರ್ಷಗಟ್ಟಲೆ ಕುಳಿತರೆ ಅಂಗಾಲು ಕೆಂಪಾಗಿ ಹುಣ್ಣಾಗುವುದು. ಉಗುರುಗಳು ಮಿತಿಮೀರಿ ಬೆಳೆದರೂ ಹಿಡಿತ ತಪ್ಪುವುದು. ಮೂತ್ರಪಿಂಡಗಳು ಕೆಟ್ಟಿದ್ದರೆ ಕಾಲಿನ ಕೀಲುಗಳಲ್ಲಿ ಬಿಳಿಯ ಗಂಟುಗಳು ಕಾಣಿಸಿಕೊಂಡು ಬಹಳ ನೋವನ್ನು ಕೊಡುವುವು.

2. ಆಹಾರದ ಕೊರತೆ. ಬರಿಯ ಕಾಳಿನಲ್ಲಿ ಎ ಜೀವಸತ್ವವೂ ಸುಣ್ಣದಂಶವೂ ಸಾಲದು. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಅಧಿಕ. ಸುಣ್ಣದಂಶ ಕಡಮೆಯಾದರೆ ಪಕ್ಷಿಯು ನಡುಗುವುದು, ನಿಶ್ಶಕ್ತವಾಗುವುದು, ಕೆಲವು ವೇಳೆ ಸೆಟೆದುಕೊಳ್ಳುವುದೂ ಉಂಟು.

3. ವಿಷ. ಸತುವಿನ ಲೇಪವಿರುವ ತಂತಿ, ಹಳೆಯ ಬಣ್ಣ, ಬೆಸುಗೆಯ ಸೀಸ ಇವನ್ನು ಕಚ್ಚಿ ನುಂಗಿದರೆ ನರಗಳು ಕೆಡುವುವು. ಜಮೀನುದಾರರು ಮುಖ್ಯವಾಗಿ ನೆನಪಿಡಬೇಕಾದುದೇನೆಂದರೆ, ಬಿತ್ತನೆಗಾಗಿ ಔಷಧ ಲೇಪಿಸಿದ ಜೋಳ, ಸೂರ್ಯಕಾಂತಿ ಮೊದಲಾದ ಬೀಜಗಳು ಉಳಿದವೆಂದು ಪಕ್ಷಿಗೆ ಹಾಕಲೇಬಾರದು. ಕೀಟನಾಶಕ ಸಿಂಪಡಿಸಿದ ಹೊಲದ ಸೊಪ್ಪನ್ನೂ ಕೊಡಬಾರದು.

4. ಹೆಣ್ಣುಪಕ್ಷಿಯಲ್ಲಿ ಮೊಟ್ಟೆ ಸಿಕ್ಕಿಕೊಳ್ಳುವುದು. ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ, ಮುಕ್ಕರಿಯುತ್ತ ತಳದಲ್ಲಿ ಕುಳಿತಿದ್ದರೆ ಇದನ್ನು ಸಂಶಯಿಸಬೇಕು. ಗಂಡುಪಕ್ಷಿ ಜೊತೆಯಲ್ಲಿ ಇಲ್ಲದಿದ್ದರೂ ಹೆಣ್ಣು ಮೊಟ್ಟೆಯಿಡಬಹುದು.

5. ಒಳಗಿನ ಗಡ್ಡೆ. ಬಜರಿಗಾರ್ ಪಕ್ಷಿಗಳಲ್ಲಿ ಮೂತ್ರಪಿಂಡದ ಬಳಿ ಬೆಳೆಯುವ ಗಡ್ಡೆಯು ಕಾಲಿನ ನರವನ್ನು ಅದುಮುವುದರಿಂದ ಸಾಮಾನ್ಯವಾಗಿ ಒಂದು ಕಾಲು ಮಾತ್ರ ಸೋಲುವುದು.

6. ತಲೆ, ಕಿವಿ, ಕಣ್ಣು ಮತ್ತು ಹೃದಯ. ತಲೆಯನ್ನು ಒಂದು ಕಡೆಗೆ ವಾಲಿಸುವುದು, ಸುತ್ತುತ್ತಲೇ ಇರುವುದು ಮಿದುಳು ಅಥವಾ ಕಿವಿಯ ರೋಗದ ಗುರುತು. ಕಣ್ಣಿಗೆ ಪೊರೆ ಬಂದ ಪಕ್ಷಿಯು ಕೋಲಿನ ದೂರವನ್ನು ಅಳೆಯಲಾರದೆ ಬೀಳುವುದು. ಮುಪ್ಪಿನಲ್ಲಿ ಗಿಳಿಗಳ ರಕ್ತನಾಳಗಳೂ ಮನುಷ್ಯರದರಂತೆಯೇ ಗಡಸಾಗುವುವು. ಮಾತುಗಳ ಅರ್ಥವನ್ನು ತಿಳಿದು ಬಳಸುವುದೆಂದು ಪ್ರಸಿದ್ಧವಾಗಿದ್ದ ಅಲೆಕ್ಸ್ ಎಂಬ ಆಫ್ರಿಕದ ಬೂದು ಗಿಳಿಯು 2007ರಲ್ಲಿ, 31 ವರ್ಷದ ವಯಸ್ಸಿನಲ್ಲಿ ಒಂದು ರಾತ್ರಿ ಹಠಾತ್ತಾಗಿ ಸತ್ತುದಕ್ಕೆ ಈ ದೋಷವೇ ಮೂಲವೆಂದು ವೈದ್ಯರು ತಿಳಿಸಿದರು.

ಇಷ್ಟು ಕಾರಣಗಳಿರುವುದರಿಂದ ಮನೆಯಲ್ಲಿಯೇ ಊಹೆಮಾಡಿ ಔಷಧ ಕೊಡುವುದು ಸರಿಯಲ್ಲ. ಮನುಷ್ಯರ ನೋವಿನ ಮಾತ್ರೆಯ ಒಂದು ಚೂರು ಕೂಡ ಇಷ್ಟು ಸಣ್ಣ ದೇಹಕ್ಕೆ ಅಪಾಯಕರ. ಪಕ್ಷಿಗಳ ಚಿಕಿತ್ಸೆಯನ್ನು ಬಲ್ಲ ಪಶುವೈದ್ಯರಿಗೆ ತೋರಿಸತಕ್ಕದ್ದು.

ರೋಗವನ್ನು ಬೇಗ ಕಂಡುಹಿಡಿಯುವ ಬಗೆ

ಗಿಳಿಯು ತನ್ನ ನಿಶ್ಶಕ್ತಿಯನ್ನು ಬಚ್ಚಿಡುವ ಪ್ರಾಣಿ. ಕಾಡಿನಲ್ಲಿ ಬಲಹೀನವಾಗಿ ಕಾಣುವ ಪಕ್ಷಿಯನ್ನು ಡೇಗೆಯು ಮೊದಲು ಹಿಡಿಯುವುದರಿಂದ ಇದಕ್ಕೆ ಈ ಸ್ವಭಾವ ಬಂದಿದೆ. ಗರಿಗಳು ಉಬ್ಬಿರುವುದರಿಂದ ಮೈ ಇಳಿದುದೂ ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಸುಲಭವಾದ ಉಪಾಯವು ತಕ್ಕಡಿ. ಗ್ರಾಂ ತೋರಿಸುವ ಅಡಿಗೆಮನೆಯ ತಕ್ಕಡಿಯ ಮೇಲೆ ಪ್ರತಿದಿನ ಬೆಳಿಗ್ಗೆ ಕಾಳು ಹಾಕುವ ಮುಂಚೆ ಪಕ್ಷಿಯನ್ನು ತೂಗಿ ಬರೆದಿಡಬೇಕು. ಕಾಕಟೀಲ್ ಸಾಮಾನ್ಯವಾಗಿ 80ರಿಂದ 100 ಗ್ರಾಂ, ಬಜರಿಗಾರ್ 30ರಿಂದ 40 ಗ್ರಾಂ ತೂಗುವುದು. 90 ಗ್ರಾಂ ಇದ್ದ ಪಕ್ಷಿಯು 81 ಗ್ರಾಮಿಗೆ ಇಳಿದರೆ ಹತ್ತರಲ್ಲಿ ಒಂದು ಪಾಲು ನಷ್ಟವಾಯಿತೆಂದು ತಿಳಿದು, ಅಂದೇ ವೈದ್ಯರ ಬಳಿಗೆ ಹೋಗತಕ್ಕದ್ದು. ಹಿಕ್ಕೆಯನ್ನೂ ನಿತ್ಯ ನೋಡಬೇಕು. ಅದು ಬಹಳ ಕಡಮೆಯಾಗಿ ಕಡುಹಸುರಾಗಿದ್ದರೆ ಪಕ್ಷಿಯು ತಿನ್ನುತ್ತಿಲ್ಲವೆಂದು ಅರ್ಥ. ಬಟ್ಟಲಿನ ಮೇಲೆ ಹೊಟ್ಟು ಮಾತ್ರ ನಿಂತಿರುವುದನ್ನು ಕಂಡು ಕಾಳು ಇದೆಯೆಂದು ಭ್ರಮಿಸುವವರು ಅನೇಕರು. ದಿನವೂ ಊದಿ ನೋಡಬೇಕು.

ಪಂಜರದ ಏರ್ಪಾಡು

ಏರಲಾರದ ಪಕ್ಷಿಗೆ ಎತ್ತರವಾದ ಪಂಜರವು ಅಪಾಯದ ಸ್ಥಳ. ಎತ್ತರ ಕಡಮೆಯಾಗಿ ಅಗಲ ಹೆಚ್ಚಾಗಿರುವ ಪಂಜರವೇ ಮೇಲು. ಕೋಲುಗಳನ್ನು ತಳದಿಂದ ಎರಡು ಮೂರು ಅಂಗುಲಕ್ಕಿಂತ ಮೇಲೆ ಇಡಕೂಡದು. ತೊಳೆದು ಒಣಗಿಸಿದ ಸೀಬೆಯ ಕೊಂಬೆಗಳು ಬೇರೆ ಬೇರೆ ದಪ್ಪವಾಗಿಯೂ ತರಿತರಿಯಾಗಿಯೂ ಇರುವುದರಿಂದ ಹಿಡಿತಕ್ಕೆ ಅನುಕೂಲ. ಬೆರಳು ಮಡಿಸಲಾರದ ಪಕ್ಷಿಗೆ ಅಂಗೈ ಅಗಲದ ಹಲಗೆಗೆ ಹತ್ತಿಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಮೆಟ್ಟಿಲಿನಂತೆ ಇಡಬೇಕು. ತಳದಲ್ಲಿ ಮಡಿಸಿದ ಬಟ್ಟೆಯನ್ನು ಹಾಸಿ, ಮೇಲೆ ಕಾಗದವನ್ನು ಹರಡಿ, ಅದನ್ನು ದಿನವೂ ಬದಲಾಯಿಸಬೇಕು. ನೂಲಿನ ಕುಣಿಕೆಗಳಿರುವ ಟವಲು ಬೇಡ. ಉಗುರು ಸಿಕ್ಕಿ ಕಾಲು ಮುರಿಯಬಹುದು.

ಕಾಳು, ನೀರುಗಳನ್ನು ಪಕ್ಷಿಯು ಕುಳಿತ ಸ್ಥಳದಿಂದಲೇ ಎಟಕುವಂತೆ ಎರಡು ಮೂರು ಕಡೆ ಇಡಬೇಕು. ತೂಕಡಿಸಿ ಬಿದ್ದರೂ ಮುಳುಗದಷ್ಟು ತೆಳುವಾಗಿ ನೀರಿರಬೇಕು. ಕಣ್ಣು ಮಂದವಾದ ಪಕ್ಷಿಯಿದ್ದಲ್ಲಿ ಒಂದು ಸಲ ಇಟ್ಟ ವಸ್ತುವಿನ ಸ್ಥಳವನ್ನು ಬದಲಾಯಿಸಬಾರದು. ಕಾಕಟೀಲುಗಳು ಕತ್ತಲೆಯಲ್ಲಿ ಬೆಚ್ಚಿ ರೆಕ್ಕೆ ಬಡಿದುಕೊಂಡು ಬೀಳುವುದುಂಟಾದುದರಿಂದ ರಾತ್ರಿ ಮಂದವಾದ ದೀಪವನ್ನು ಇರಿಸುವುದು ಒಳ್ಳೆಯದು. ನಾಯಿ, ಬೆಕ್ಕು, ಇಲಿಗಳು ತಗ್ಗಾದ ಪಂಜರದ ಬಳಿ ಬಾರದಂತೆ ನೋಡಿಕೊಳ್ಳಬೇಕು.

ಕಾಯಿಲೆಯ ಪಕ್ಷಿಗೆ ಬಿಸುಪು ಆಹಾರದಷ್ಟೇ ಅವಶ್ಯಕ. ಪಂಜರದ ಮೂರು ಕಡೆಗಳನ್ನು ಬಟ್ಟೆಯಿಂದ ಮುಚ್ಚಿ, ಹೊರಗೆ ಒಂದು ಪಕ್ಕದಲ್ಲಿ ಮಾತ್ರ ಬಿಸುಪಿನ ದೀಪವನ್ನು ಬಟ್ಟೆಗೆ ತಗಲದಂತೆ ಇಟ್ಟು, ಆ ಪಕ್ಕದಲ್ಲಿ ಸುಮಾರು 28ರಿಂದ 30 ಡಿಗ್ರಿ ಸೆಂಟಿಗ್ರೇಡ್ ಶಾಖವಿರುವಂತೆ ಮಾಡಬೇಕು. ಬೇಡವಾದಾಗ ಪಕ್ಷಿಯು ಇನ್ನೊಂದು ಪಕ್ಕಕ್ಕೆ ಸರಿಯಲು ಸ್ಥಳವಿರಬೇಕು. ಬಾಯಿ ತೆರೆದು ಏದುತ್ತ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಶಾಖವು ಅತಿಯಾಯಿತೆಂದು ತಿಳಿಯಬೇಕು. ಒಲೆಯ ಹೊಗೆ, ಊದುಬತ್ತಿಯ ಹೊಗೆ ಇವು ತಗಲದಿರಲಿ. ಅಂಟದ ಲೇಪವಿರುವ ಬಾಣಲೆಯು ಅತಿಯಾಗಿ ಕಾದರೆ ಬರುವ ಆವಿಯಿಂದ ಪಕ್ಷಿಗಳು ನಿಮಿಷಗಳಲ್ಲಿ ಸಾಯುವುವು.

ಆಹಾರ

ಕಾಯಿಲೆಯ ಸಮಯದಲ್ಲಿ ಆಹಾರವನ್ನು ಒಮ್ಮೆಲೇ ಬದಲಾಯಿಸಕೂಡದು. ಮೊದಲು ಪಕ್ಷಿಯು ಏನನ್ನು ತಿನ್ನುವುದೋ ಅದನ್ನೇ ಕೊಟ್ಟು ತೂಕವನ್ನು ನಿಲ್ಲಿಸಬೇಕು. ಚೇತರಿಸಿಕೊಂಡ ಮೇಲೆ ನವಣೆಯ ಜೊತೆಗೆ ಸ್ವಲ್ಪ ಸ್ವಲ್ಪವಾಗಿ ನುಗ್ಗೆಸೊಪ್ಪು, ಕೊತ್ತಂಬರಿ ಸೊಪ್ಪು, ತುರಿದ ಗಜ್ಜರಿ, ಬೇಯಿಸಿದ ಸಿಹಿಗುಂಬಳ, ಗೆಣಸು ಇವುಗಳನ್ನು ಅಭ್ಯಾಸಮಾಡಿಸಬೇಕು. ಸೂರ್ಯಕಾಂತಿ ಬೀಜವನ್ನು ಕಡಮೆಮಾಡಬೇಕು. ಸುಣ್ಣದಂಶಕ್ಕೆ ಪೇಟೆಯಲ್ಲಿ ದೊರೆಯುವ ಕಡಲನೊರೆಯ ತುಂಡನ್ನು ಎಟಕುವಂತೆ ಕಟ್ಟಬಹುದು. ಬೆಳಗಿನ ಎಳೆಬಿಸಿಲಿನಲ್ಲಿ ಹದಿನೈದು ಇಪ್ಪತ್ತು ನಿಮಿಷ, ಅರ್ಧ ಭಾಗ ನೆರಳಿರುವಂತೆ ಪಂಜರವನ್ನು ಇಟ್ಟರೆ ಆ ಸುಣ್ಣದಂಶವು ಮೈಗೆ ಹತ್ತುವುದು; ಗಾಜಿನ ಮೂಲಕ ಬರುವ ಬಿಸಿಲಿನಿಂದ ಈ ಪ್ರಯೋಜನವಿಲ್ಲ. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ, ಚಹಾ, ಈರುಳ್ಳಿ, ಉಪ್ಪಿನ ತಿಂಡಿ ಇವುಗಳನ್ನು ಕೊಡಲೇಬಾರದು.

ಪಾಲಿಸುವವರು ಮುಟ್ಟಿದ ಮೇಲೆ ಕೈತೊಳೆಯತಕ್ಕದ್ದು. ಗಿಳಿಗಳಿಂದ ಮನುಷ್ಯರಿಗೆ ಹರಡುವ ಒಂದು ಜ್ವರವುಂಟು. ಮನೆಯವರಿಗೆ ಜ್ವರವೂ ಕೆಮ್ಮೂ ಬಂದಲ್ಲಿ ಪಕ್ಷಿಯಿರುವ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ಬಿಟ್ಟುಬಿಡುವುದು ದಯೆಯಲ್ಲ

ಕೆಲವರು ಮುದಿಯಾದ ಪಕ್ಷಿಯನ್ನು ತೋಟಕ್ಕೆ ಒಯ್ದು ಬಿಟ್ಟು ಪುಣ್ಯ ಬಂದಿತೆಂದು ಭಾವಿಸುವರು. ಪಂಜರದಲ್ಲೇ ಹುಟ್ಟಿ ಬೆಳೆದ, ನೆಟ್ಟಗೆ ನಿಲ್ಲಲಾರದ ಪರದೇಶದ ಪಕ್ಷಿಯು ಸಾಯಂಕಾಲದೊಳಗೆ ಕಾಗೆಗೋ ಬೆಕ್ಕಿಗೋ ಆಹಾರವಾಗುವುದು. ನಮ್ಮ ಕಾಡಿನ ಹಸುರು ಗಿಳಿಗಳ ವಿಚಾರವು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವುಗಳನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಗ್ರಾಮದಲ್ಲಿ ಗಾಯಗೊಂಡ ಅಂಥ ಗಿಳಿ ಸಿಕ್ಕಿದಲ್ಲಿ ಅರಣ್ಯ ಇಲಾಖೆಗೆ ಒಪ್ಪಿಸುವಂತೆ ಮುಖಂಡರು ಜನರಿಗೆ ತಿಳಿಯಹೇಳಬೇಕು.

ಎಷ್ಟು ಉಪಚಾರ ಮಾಡಿದರೂ ಪಕ್ಷಿಯು ತಾನಾಗಿ ತಿನ್ನಲಾರದೆ, ಉಸಿರಾಟಕ್ಕೂ ಕಷ್ಟಪಡುತ್ತ, ನೋವಿನಲ್ಲಿಯೇ ದಿನಗಳನ್ನು ಕಳೆಯುವ ಸ್ಥಿತಿ ಬರಬಹುದು. ಆಗ ಅದನ್ನು ನೋವಿಲ್ಲದೆ ಕೊನೆಗಾಣಿಸುವುದರ ವಿಚಾರವನ್ನು ಪಶುವೈದ್ಯರೊಡನೆ ಆಲೋಚಿಸುವುದು ತಪ್ಪಲ್ಲ. ಆದರೆ ಬೀಳುವುದೊಂದೇ ಆ ಸ್ಥಿತಿಯ ಗುರುತಲ್ಲ. ದಿನವೂ ತಿನ್ನುತ್ತ, ಗರಿಗಳನ್ನು ತಿದ್ದಿಕೊಳ್ಳುತ್ತ, ಮನೆಯವರ ಧ್ವನಿಗೆ ಉತ್ತರ ಕೊಡುತ್ತಿರುವ ಪಕ್ಷಿಗೆ ಬದುಕಬೇಕೆಂಬ ಆಸೆಯು ಇನ್ನೂ ಇದೆ. ಅದಕ್ಕೆ ಬೇಕಾಗಿರುವುದು ಎರಡು ಅಂಗುಲದ ಕೋಲು, ಕೈಗೆಟಕುವ ಬಟ್ಟಲು, ಸ್ವಲ್ಪ ಬಿಸುಪು ಮತ್ತು ದಿನಕ್ಕೊಂದು ಸಲ ತೂಗಿ ನೋಡುವಷ್ಟು ತಾಳ್ಮೆ. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗುವುದಿಲ್ಲ. ಗಿಳಿಯನ್ನು ಸಾಕಿದವರು ಈ ದಿನವೇ ಪಂಜರದ ಕೋಲನ್ನು ತಗ್ಗಿಸಿ, ತಕ್ಕಡಿಯ ಮೊದಲ ಲೆಕ್ಕವನ್ನು ಬರೆದಿಡಲಿ.